ಇಪ್ಪತ್ತು ಗುಂಜಿ ಸೀಸ

ಸಿದ್ದವ್ವನ ಎಡಹೆಗಲಿಗೆ ಗುಂಡು ಹೊಡೆದವನು ದೇಸಾಯರ ಮಗ. ಅದಕ್ಕಾಗಿ ಒಂಬತ್ತು ತಿಂಗಳು ಬೆಳಗಾವಿಯ ಜೈಲಿನಲ್ಲಿದ್ದು ಬಂದವನು ಅವಳ ತಮ್ಮ ಅಜ್ಜಪ್ಪ.

ಅದು ಮೂವತ್ತಾರನೆಯ ಇಸವಿಯ ಸೀತನಿಯ ಕಾಲ. ಹಿರೇಬೆಂಡಿಗೇರಿಯ ಆಚೆ ದೇಸಾಯರ ಹೊಲದಲ್ಲಿ ಬಿಳಿಜೋಳ ಹಾಲುಗಾಳು ಕಟ್ಟಿತ್ತು. ಗಾಳಿ ಬಂದರೆ ಹೊಲವೆಲ್ಲ ಒಂದೇ ಮೈಯಾಗಿ ಹೊರಳಿ ಮಲಗುತ್ತಿತ್ತು, ಮತ್ತೆ ಏಳುತ್ತಿತ್ತು. ನಡುಹೊಲದಲ್ಲಿ ನಾಲ್ಕು ಗಳಗಳ ಮೇಲೆ ಅಟ್ಟಣೆ. ಅದರ ಮೇಲೆ ಕವಣೆ ಹಿಡಿದು ಹಕ್ಕಿ ಕಾಯುವವಳು ಸಿದ್ದವ್ವ. ಅವಳ ಗಂಡ ಫಕ್ಕೀರಪ್ಪ ಅದೇ ಹೊಲವನ್ನು ಕೋರಿಗೆ ಮಾಡುತ್ತಿದ್ದ. ಬೆಳೆದದ್ದರಲ್ಲಿ ಅರ್ಧ ದೇಸಾಯರ ವಾಡೆಗೆ, ಉಳಿದರ್ಧದಲ್ಲಿ ಅವರ ಹೊಟ್ಟೆ, ಮುಂದಿನ ವರ್ಷದ ಬೀಜ ಮತ್ತು ದೇವರು.

ಕವಣೆಯ ಕೆಲಸ ಕೈಗೆ ಗೊತ್ತಿರಬೇಕು, ತಲೆಗಲ್ಲ. ಸಿದ್ದವ್ವನ ಉಡಿಯ ತುಂಬ ಹಳ್ಳದ ಕಲ್ಲು. ಕಣ್ಣು ಹಕ್ಕಿಯ ಮೇಲಿದ್ದರೂ ಬೆರಳು ತನಗೆ ಬೇಕಾದ ಕಲ್ಲನ್ನೇ ಆರಿಸುತ್ತಿತ್ತು. ಹಗುರ ಕಲ್ಲು ಚುರುಕಾಗಿ ಹೊರಡುತ್ತದೆ, ನಡುದಾರಿಯಲ್ಲಿ ಮನಸ್ಸು ಬದಲಿಸುತ್ತದೆ. ಭಾರದ ಕಲ್ಲು ನಿಧಾನ. ಆದರೆ ಹೊರಟ ಮೇಲೆ ಯಾರ ಮಾತನ್ನೂ ಕೇಳುವುದಿಲ್ಲ, ಮುಟ್ಟುವಲ್ಲಿಗೆ ಮುಟ್ಟಿಯೇ ಬಿಡುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಅಟ್ಟಣೆಯ ಮೇಲೆ ಕೂತು ಅರೆಗಣ್ಣು ಮುಚ್ಚಿದಾಗ, ತಾನೂ ಯಾರೋ ಬೀಸಿದ ಕಲ್ಲು, ಇನ್ನೂ ಎಲ್ಲಿಯೂ ಬಿದ್ದಿಲ್ಲ ಎಂದು ಅವಳಿಗೆ ಅನಿಸುತ್ತಿತ್ತು.

ಆ ದಿನ ದೇಸಾಯರು ನೆಂಟರಿಷ್ಟರನ್ನು ಸೀತನಿ ತಿನ್ನಲು ಹೊಲಕ್ಕೆ ಕರೆತಂದಿದ್ದರು. ಬನ್ನಿಗಿಡದ ಕೆಳಗೆ ಜಮಖಾನೆ ಹಾಸಿತ್ತು. ಕುಳ್ಳಿನ ಬೆಂಕಿಯಲ್ಲಿ ಹಸಿ ತೆನೆ ಸುಟ್ಟು, ಉಜ್ಜಿ, ಕಾಳು ಬಿಡಿಸಿ, ಬೆಲ್ಲ ಶೇಂಗಾದ ಜೊತೆ ಹಂಚುತ್ತಿದ್ದರು. ಪುಣೆಯಲ್ಲಿ ಓದುತ್ತಿದ್ದ ಮಗ ಹೊಸ ರೈಫಲು ತಂದಿದ್ದ. ಸಣ್ಣ ಬಾಯಿಯ, ಹಕ್ಕಿ ಹೊಡೆಯುವ ಬಂದೂಕು, ಹಿಡಿಕೆಗೆ ಕನ್ನಡಿಯಂಥ ಮೆರುಗು. ಅದೇ ಬಾಯಳತೆಯ ಹಳೆಯದೊಂದು ವಾಡೆಯಲ್ಲಿ ಮೊದಲಿನಿಂದಲೂ ಇತ್ತು. ಅದನ್ನು ಎಲೆಬಳ್ಳಿಯ ತೋಟದಲ್ಲಿ ಮಂಗ ಬೆದರಿಸಲು ಅಜ್ಜಪ್ಪನ ಕೈಗೆ ಕೊಟ್ಟಿದ್ದರು. ಅವನು ಅಕ್ಕಿಆಲೂರು ಕಡೆಯವನು. ಅಕ್ಕ ಇದ್ದ ಊರೆಂದು ಆ ವರ್ಷ ಇಲ್ಲಿಗೆ ಕಾವಲಿಗೆ ಬಂದಿದ್ದ. ಬನ್ನಿಗಿಡ ಹೊಲದ ಬದಿಗೇ ಇತ್ತು; ತೋಟದ ಬದು ಹೊಲ ಮುಗಿದು ಹಳ್ಳ ದಾಟಿದ ಮೇಲೆ.

ಗಿಳಿಗಳ ಹಿಂಡು ಎದ್ದಿತು. ಹೊಲದ ಹಸಿರೇ ಕಿತ್ತು ಆಕಾಶಕ್ಕೆ ಹಾರಿದ ಹಾಗೆ. ಎರಡು ಬಂದೂಕುಗಳು ಒಂದೇ ಉಸಿರಿನಲ್ಲಿ ಸಿಡಿದವು. ಕೇಳಿದವರಿಗೆಲ್ಲ ಕೇಳಿಸಿದ್ದು ಒಂದೇ ಸದ್ದು. ಯಾರೋ ಹಿಂದಿನಿಂದ ಹೆಗಲು ಮುಟ್ಟಿ ಕರೆದಂತಾಯಿತು ಸಿದ್ದವ್ವನಿಗೆ. ಯಾರು ಎಂದು ತಿರುಗಿ ನೋಡಿದಳು. ಯಾರೂ ಇರಲಿಲ್ಲ. ಕೆಳಗೆ ಜೋಳ ನೀರಾಗಿತ್ತು, ಅವಳು ಅದರೊಳಗೆ ಮೆಲ್ಲಗೆ ಇಳಿದಳು.

ಓಡಿ ಬಂದವರಲ್ಲಿ ಮೊದಲಿನವನು ಅಜ್ಜಪ್ಪ. ಬಂದೂಕು ಇನ್ನೂ ಅವನ ಕೈಯಲ್ಲೇ ಇತ್ತು. ಎರಡನೆಯವರು ವಾಡೆಯ ಕಾರಭಾರಿ ರಾಘಣ್ಣ. ಅವರು ಮೊದಲು ಬಂದೂಕು ನೋಡಿದರು, ಆಮೇಲೆ ಅಜ್ಜಪ್ಪನನ್ನು, ಕಡೆಗೆ ಸಿದ್ದವ್ವನನ್ನು.

"ನೀ ಹೊಡದ್ಯೇನೋ?" ಎಂದು ಕೇಳಿದರು.

"ಹೌದರಿ, ಹೊಡದೆ" ಎಂದ ಅಜ್ಜಪ್ಪ.

ಸುಳ್ಳಲ್ಲ. ಅವನು ಹೊಡೆದಿದ್ದ, ಮಂಗನ ಕಡೆಗೆ. ಆ ಕಡೆ ಬನ್ನಿಗಿಡದ ಕೆಳಗಿದ್ದವನನ್ನು, ನೀನೂ ಹೊಡೆದೆಯೇನಪ್ಪ ಎಂದು ಯಾರೂ ಕೇಳಲಿಲ್ಲ. ಸತ್ಯ ಹೇಳುವವನೊಬ್ಬನನ್ನೇ ಕೇಳಿ ಬಿಟ್ಟರೆ ಕೇಸು ಬೇಗ ಮುಗಿಯುತ್ತದೆ. ಫೌಜದಾರರ ಮುಂದೆಯೂ, ಕೋರ್ಟಿನಲ್ಲಿಯೂ ಅಜ್ಜಪ್ಪ ಅದನ್ನೇ ಹೇಳಿದ. ಅವನ ಸತ್ಯವನ್ನು ಹಗ್ಗ ಮಾಡಿ ಅವನ ಕೈಗೇ ಕಟ್ಟಿದರು.

ಗುಂಡು ಮಾತ್ರ ಸಿಗಲಿಲ್ಲ. ರೆಕ್ಕೆಎಲುಬಿನ ಹಿಂದೆ ಕೂತಿದೆ, ಕೆದಕಿದರೆ ಕೈಯೇ ಹೋದೀತು, ಇದ್ದಲ್ಲೇ ಇರಲಿ ಎಂದರು ಡಾಕ್ಟರು. ಇದ್ದಲ್ಲೇ ಇತ್ತು, ಆರು ವರ್ಷ.

ಹಾಗಿದ್ದ ಮೇಲೆ ಅದು ಸಿದ್ದವ್ವನ ಕನಸಿಗೂ ಬಂತು. ಅದು ಗುಂಡಾಗಿ ಬರುತ್ತಿರಲಿಲ್ಲ. ಬೀಜವಾಗಿ ಬರುತ್ತಿತ್ತು. ಹಾಸಿಗೆಯ ಮೇಲೆ ಎಡಮಗ್ಗುಲಾದರೆ ಹೆಗಲೊಳಗಿಂದ ಒಂದು ಬಳ್ಳಿ ಬಾಗಿಲು ಹುಡುಕುತ್ತ ಹೊರಡುತ್ತಿತ್ತು; ಬೆಳಗಿನ ಜಾವಕ್ಕೆ ಮಾಡು ಹತ್ತಿ, ಹಂಚು ಸರಿಸಿ, ಮನೆಯ ಮೇಲೆಲ್ಲ ಹಬ್ಬಿ ಕಾಯಿ ಬಿಡುತ್ತಿತ್ತು. ಕಾಯಿ ಒಡೆದರೆ ಒಳಗೆ ಗುಲಗಂಜಿ. ಕೆಂಪು ಮೈ, ಕರಿ ಕಣ್ಣು. ಗಿಳಿಗಳು ಬಂದು ಸಾಲಾಗಿ ಕೂತು ಅವಳನ್ನು ನೋಡುತ್ತಿದ್ದವು, ತಿನ್ನುತ್ತಿರಲಿಲ್ಲ. ಕವಣೆ ಎತ್ತಲು ಹೋದರೆ ಕೈ ಬಳ್ಳಿಯೊಳಗೆ ಸಿಕ್ಕಿರುತ್ತಿತ್ತು. ಎದ್ದಾಗ ಹೆಗಲು ಹಿಂದಿನ ದಿನಕ್ಕಿಂತ ಭಾರ.

"ಬೆಳಿಯಾಕತ್ತೈತವ್ವಾ ಇದು" ಎಂದು ಅವಳು ಬಾವಿಕಟ್ಟೆಯಲ್ಲಿ ಹೇಳುತ್ತಿದ್ದಳು. ನೆರೆಯವರು ನಗುತ್ತಿದ್ದರು, ಹುಟ್ಟಿದ ಮೇಲೆ ಹೆಸರಿಡೋಣ ಬಿಡು ಎನ್ನುತ್ತಿದ್ದರು. ಒಮ್ಮೆ ರಾಶಿಯ ಕಣದಲ್ಲಿ ತುಂಬಿದ ಪುಟ್ಟಿ ಎತ್ತಲಾರದೆ ನಿಂತಾಗ ರಾಘಣ್ಣನವರಿಗೂ ಅದನ್ನೇ ಹೇಳಿದಳು: ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದೆ, ಸಣ್ಣ ಪುಟ್ಟಿ ಕೊಡಿಸಿರಿ ಎಂದು. ಅವರೂ ನಕ್ಕಿದ್ದರು, ಸಣ್ಣ ಪುಟ್ಟಿ ಕೊಡಿಸಿಯೂ ಇದ್ದರು. ಆ ಪುಟ್ಟಿಯನ್ನು ಅವರು ಮರೆಯಲಿಲ್ಲ ಎಂಬುದು ಅವಳಿಗೆ ಆಮೇಲೆ ತಿಳಿಯಿತು.

ಅಜ್ಜಪ್ಪ ಜೈಲಿನಿಂದ ಬಂದವನು ನೇರ ಅಕ್ಕಿಆಲೂರಿಗೆ ಹೋಗಿ, ಅಕ್ಕಿ ಗಿರಣಿಯಲ್ಲಿ ಚೀಲ ಹೊರುವುದಕ್ಕೆ ನಿಂತ. ಅಂದಿನಿಂದ ಅವನು ಬಲಗೈಯಿಂದ ಅನ್ನ ಮುಟ್ಟಲಿಲ್ಲ. ಒಡಹುಟ್ಟಿದವಳ ಮೇಲೆ ಬಂದೂಕಿನ ಕುದುರೆ ಎಳೆದ ಕೈ ಬಾಯಿಗೆ ಬರಬಾರದು ಎಂದು ತಾನೇ ಹಾಕಿಕೊಂಡ ಕಟ್ಟು. ಎಡಗೈಯಿಂದ ಉಣ್ಣುವವನ ಪಕ್ಕ ಪಂಕ್ತಿಯಲ್ಲಿ ಯಾರು ಕೂತಾರು? ಮದುವೆ, ತಿಥಿ ಎಲ್ಲಿಗೆ ಹೋದರೂ ಅವನ ಎಲೆ ಹಿತ್ತಲ ಬಾಗಿಲ ಹತ್ತಿರ ಬೀಳುತ್ತಿತ್ತು. ಆಮೇಲೆ ಹೋಗುವುದನ್ನೇ ಬಿಟ್ಟ. ಹೆಣ್ಣು ಕೊಡುವವರೂ ಬರಲಿಲ್ಲ.

ನಾಗರ ಪಂಚಮಿಗೆ ತಮ್ಮ ಬಂದು ಅಕ್ಕನನ್ನು ತವರಿಗೆ ಕರೆದೊಯ್ಯಬೇಕು. ಆ ಸೀಮೆಯಲ್ಲಿ ಎಂಥ ಬಡವನೂ ಅದನ್ನು ತಪ್ಪಿಸುವುದಿಲ್ಲ. ಚಕ್ಕಡಿ ಇಲ್ಲದಿದ್ದರೆ ನಡೆದು ಬರುತ್ತಾನೆ. ಅಜ್ಜಪ್ಪ ಆರು ಪಂಚಮಿ ಬರಲಿಲ್ಲ. ಸಿದ್ದವ್ವ ಹೋಗಿಬರುವವರ ಕೈಯಲ್ಲಿ ಹೇಳಿಕಳಿಸಿದಳು: ನನಗೇನೂ ಸಿಟ್ಟಿಲ್ಲ, ಬಾ. ಹೊಡೆದವನು ಬಂದು ಕರೆದರೆ ಹಬ್ಬ ಹೇಗಾಗುತ್ತದೆ ಅಕ್ಕಾ ಎಂದು ಅವನು ತಿರುಗಿ ಹೇಳಿಕಳಿಸಿದ. ಅವಳು ಪ್ರತಿ ವರ್ಷ ಎಳ್ಳು ಬೆಲ್ಲದ ಉಂಡಿ ಕಟ್ಟುತ್ತಿದ್ದಳು, ಹೊಸ್ತಿಲಲ್ಲಿ ಕೂತು ದಾರಿ ನೋಡುತ್ತಿದ್ದಳು, ಸಂಜೆಗೆ ಆ ಉಂಡಿಗಳನ್ನು ಓಣಿಯ ಮಕ್ಕಳಿಗೆ ಹಂಚುತ್ತಿದ್ದಳು.

ನಲವತ್ತೆರಡರ ಶ್ರಾವಣ ಬಂತು. ಊರೂರಲ್ಲಿ ಚಲೇಜಾವ್ ಎಂಬ ಕೂಗು. ದಾರಿಯಲ್ಲಿ ಪೊಲೀಸರು, ಮಳೆ, ಗುಸುಗುಸು. ಆ ದಿನಗಳಲ್ಲಿ ಸಿದ್ದವ್ವನ ಬೆನ್ನ ಮೇಲೆ ಒಂದು ಕುರು ಎದ್ದಿತು. ಮೈಯೆಲ್ಲ ಜ್ವರ. ಜ್ವರದಲ್ಲಿ ಬಳ್ಳಿ ಹಗಲಿಗೂ ಬಂತು.

ಅವಳನ್ನು ನೋಡಿಕೊಂಡವಳು ಚಮನಬಿ. ಶಿಗ್ಗಾಂವಿಯವಳು, ಸವಣೂರಿನ ಎಲೆ ತಂದು ಬುಟ್ಟಿ ಹೊತ್ತು ಹಳ್ಳಿ ತಿರುಗಿ ಮಾರುವವಳು. ಅವಳ ಗಂಡ ಇಮಾಮಸಾಬ, ಬದುಕಿರುವವರೆಗೂ ವಾಡೆಯ ಬಂದೂಕುಗಳನ್ನು ಒರೆಸಿ ಎಣ್ಣೆ ಹಚ್ಚುವ ಕೆಲಸ ಮಾಡಿದವನು. ಚಮನಬಿ ಎಲೆಬುಟ್ಟಿ ಮೂಲೆಗಿಟ್ಟು ಅಲ್ಲೇ ಉಳಿದಳು. ಬೇವಿನ ತೊಪ್ಪಲು, ಅರಿಸಿನ, ಬಿಸಿ ಜೋಳದ ಮುದ್ದೆ ಕಟ್ಟಿ ಕಟ್ಟಿ ಬದಲಿಸಿದಳು. ಒಂದು ಬೆಳಗ್ಗೆ ಕುರು ಒಡೆಯಿತು. ಕೀವಿನ ಜೊತೆ ಸಣ್ಣದೊಂದು ಕರಿಯ ತುಣುಕು ಅವಳ ಅಂಗೈಗೆ ಜಾರಿತು.

ಚಮನಬಿ ಅದನ್ನು ತೊಳೆದಳು. ಮೂತಿ ಸ್ವಲ್ಪ ಚಪ್ಪಟೆಯಾಗಿತ್ತು, ಒಂದು ಬದಿ ಎಲುಬಿಗೆ ತಾಗಿ ಹೆರೆದಿತ್ತು. ಅಂಗೈಯಲ್ಲಿಟ್ಟು ಒಮ್ಮೆ ತೂಗಿದಳು, ಮತ್ತೊಮ್ಮೆ ತೂಗಿದಳು. ಅವಳ ಮುಖ ಬೇರೆಯಾಯಿತು.

"ಸಿದ್ದವ್ವಾ, ನಿನ್ನ ತಮ್ಮನ ಕೈಯಾಗ ಇದ್ದದ್ದು ಹಳೇ ಬಂದೂಕಲ್ಲೇನು?"

ಹೌದು ಎಂದಳು ಸಿದ್ದವ್ವ.

"ಅದು ಗಿಡ್ಡ ಕಾಡತೂಸ ಅಷ್ಟ ತಿಂತಿತ್ತು. ಉದ್ದಂದು ಅದರ ಬಾಯಾಗ ಹಿಡಸೂದ ಇಲ್ಲ."

ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದಳು. ಎರಡೂ ಬಂದೂಕಿನ ಬಾಯಳತೆ ಒಂದೇ. ಆದರೆ ಕಾಡತೂಸು ಎರಡು ತರಹ. ಆಳಿನ ಕೈಗೆ ಗಿಡ್ಡ, ಧಣಿಯ ಮಗನ ಕೈಗೆ ಉದ್ದ. ಗಿಡ್ಡದರ ಗುಂಡು ಹಗುರ, ಉದ್ದದರದು ಭಾರ. ನೋಡಲಿಕ್ಕೆ ಅಕ್ಕತಂಗಿಯರ ಹಾಗಿದ್ದರೂ ತೂಕದಲ್ಲಿ ಒಂದೇ ಅಲ್ಲ. ಇಮಾಮಸಾಬ ಆ ಸಂಜೆ ಎರಡೂ ನಳಿಗೆ ಒರೆಸಿದ್ದ. ಎರಡರಲ್ಲಿಯೂ ಮಸಿ ಇತ್ತಂತೆ. ಮನೆಗೆ ಬಂದು ಒಮ್ಮೆ ಅಂದಿದ್ದ, ಆಮೇಲೆ ಎಂದೂ ಅನ್ನಲಿಲ್ಲ. ಆದರೆ ಎರಡೂ ಸಿಡಿದಿದ್ದವು ಎಂದರೆ ಏನಾಯಿತು? ಯಾವುದರ ಗುಂಡು ತಾಗಿತು ಎಂದು ಹೇಳಬೇಕಾದದ್ದು ಸಿದ್ದವ್ವನ ಹೆಗಲೊಳಗೇ ಇತ್ತು.

ಸಿದ್ದವ್ವ ಕೈ ಚಾಚಿದಳು. ಗುಂಡು ಅಂಗೈಗೆ ಬಂತು. ಆರು ವರ್ಷ ಮಗ್ಗುಲಲ್ಲಿ ಮಲಗಿದ್ದು, ಮೊದಲ ಸಲ ಮುಖ ತೋರಿಸಿತ್ತು. ಇಷ್ಟೇ ಏನು? ಮಾಡು ಹತ್ತಿದ ಬಳ್ಳಿ ಇದರಿಂದಲೇ? ಕಣ್ಣು ಮುಚ್ಚಿದಳು. ಕೈಗೆ ಹಳೆಯ ಬುದ್ಧಿ ಮರಳಿ ಬಂತು. ಹಳ್ಳದಾಚೆಯ ತೋಟದ ಬದು, ಅಲ್ಲಿಂದ ಅಟ್ಟಣೆಯವರೆಗಿನ ಗಾಳಿ. ಹಗುರ ಕಲ್ಲು ಅಷ್ಟು ದೂರ ಬಂದು ಇಷ್ಟು ಆಳ ಇಳಿಯುವುದಿಲ್ಲ. ನಡುದಾರಿಯಲ್ಲಿ ಮನಸ್ಸು ಬದಲಿಸುತ್ತದೆ. ಇದು ಮನಸ್ಸು ಬದಲಿಸದ ಕಲ್ಲು.

ಇಮಾಮಸಾಬನ ತಗಡಿನ ಡಬ್ಬಿಯಲ್ಲಿ ಎರಡೂ ತರಹದ ಒಂದೊಂದು ಕಾಡತೂಸು ಉಳಿದಿವೆ, ಶಿಗ್ಗಾಂವಿಗೆ ಹೋಗೋಣ, ಪತ್ತಾರ ಮೌನೇಶಪ್ಪನ ತ್ರಾಸಿನಲ್ಲಿ ಇಟ್ಟು ನೋಡೋಣ ಎಂದಳು ಚಮನಬಿ. ಬಂಗಾರ ತೂಗುವ ತ್ರಾಸು, ಗುಲಗಂಜಿಯ ತೂಕ. ಕೂದಲೆಳೆ ಹೆಚ್ಚುಕಡಿಮೆಯಾದರೂ ಹೇಳುತ್ತದೆ.

ಫಕ್ಕೀರಪ್ಪ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿದ. ಕೆಟ್ಟವನಲ್ಲ. ಆರು ವರ್ಷ ಅವಳ ತಲೆ ಬಾಚಿದವನು ಅವನೇ, ಅವಳ ಕೈ ಮೇಲೇಳುತ್ತಿರಲಿಲ್ಲವಲ್ಲ. ಆದರೆ ಹೊಲ ವಾಡೆಯದು. ಆದದ್ದಾಯಿತು, ಜೀವ ಉಳಿಯಿತು, ಅಜ್ಜಪ್ಪ ಹೊರಗೂ ಬಂದ, ಇನ್ನು ಸೀಸ ತೂಗಿ ಏನು ಮಾಡುತ್ತೀ ಎಂದ. ಸಿದ್ದವ್ವ ಸೆರಗಿನ ತುದಿಗೆ ಗುಂಡು ಗಂಟು ಹಾಕಿ ಚಮನಬಿಯ ಹಿಂದೆ ಹೊರಟಳು. ಅವರು ಹಳ್ಳ ದಾಟುವುದನ್ನು ನೋಡುತ್ತ ನಿಂತವನು ಆಮೇಲೆ ರುಮಾಲು ಸುತ್ತಿಕೊಂಡು ವಾಡೆಯ ಕಡೆ ನಡೆದ.

ದಾರಿಯುದ್ದಕ್ಕೂ ಜಿಟಿಜಿಟಿ ಮಳೆ. ಎಳೆಯ ಜೋಳ ಮೊಣಕಾಲೆತ್ತರ. ಜ್ವರ ಪೂರ್ತಿ ಬಿಟ್ಟಿರಲಿಲ್ಲ. ಸಿದ್ದವ್ವನಿಗೆ ನೆಲ ಮುಟ್ಟುತ್ತಿದ್ದೇನೆ ಎಂಬುದೇ ನೆಚ್ಚಿಕೆಯಾಗುತ್ತಿರಲಿಲ್ಲ. ಬೆನ್ನ ಮೇಲಿನ ತೂಕ ಸೆರಗಿನ ತುದಿಗೆ ಬಂದಿತ್ತು, ನಡೆದಂತೆ ತೊಡೆಗೆ ತಾಗಿ ತಾಗಿ ಎಚ್ಚರಿಸುತ್ತಿತ್ತು. ಮುಂದೆ ಹೋಗುವ ಚಮನಬಿಯ ಹಸಿರು ಸೀರೆ ಒಮ್ಮೊಮ್ಮೆ ಗಿಳಿಯ ಹಿಂಡಾಗಿ ಕಾಣುತ್ತಿತ್ತು.

ಪತ್ತಾರ ಮೌನೇಶಪ್ಪ ಹೆದರುವ ಮನುಷ್ಯ. ಬಾಗಿದ ಬೆನ್ನು, ಸದಾ ಪಿಸುಮಾತು; ತನ್ನ ಊದುಗೊಳವೆಗಿಂತ ಜೋರಾಗಿ ಅವನು ಎಂದೂ ಮಾತಾಡಿದವನಲ್ಲ. ಕಾಡತೂಸು ನೋಡಿದ್ದೇ ಎದ್ದು ಬಾಗಿಲು ಅರ್ಧ ಮುಂದೆ ಮಾಡಿದ. ಈ ಕಾಲದಲ್ಲಿ ಇಂಥದ್ದು ಮನೆಯಲ್ಲಿ ಸಿಕ್ಕರೆ ಹಗ್ಗವೇ ಗತಿ ಎಂದ. ತೂಗಿ ಕೊಟ್ಟ ಮೇಲೆ ಬಾವಿಗೆ ಹಾಕುತ್ತೇನೆ, ಮೊದಲು ತೂಗು ಎಂದಳು ಚಮನಬಿ. ಅವನು ಸಿದ್ದವ್ವನ ಮುಖ ನೋಡಿದ. ಅವಳ ಮದುವೆಯ ಬುಗುಡಿ ಮಾಡಿಕೊಟ್ಟವನು ಅವನೇ. ಮೊದಲ ವರ್ಷದ ಪಂಚಮಿಗೆ ಅವಳನ್ನು ಚಕ್ಕಡಿಯಲ್ಲಿ ಕೂರಿಸಿಕೊಂಡು ಹೋಗುವಾಗ ಅಜ್ಜಪ್ಪ ಇದೇ ಬಾಗಿಲಲ್ಲಿ ನಿಂತು ನೀರು ಕುಡಿದು ಹೋಗಿದ್ದ.

"ಬೆಂಕಿಯಿಂದ ದೂರ ಕೂತ್ಕೋ ಪತ್ತಾರಣ್ಣ" ಎಂದಳು ಚಮನಬಿ. "ಇದರ ಮದ್ದು ಅಂಚಿನ್ಯಾಗ ಇರತೈತಿ. ಅಂಚಿಗೆ ಪೆಟ್ಟ ಬೀಳಬಾರದು. ಮೂತಿ ಹಿಡದು ಮೆಲ್ಲಕ ತಿರುವು, ಹೆಂಡತಿ ಕಿವಿಯಾಗಿಂದು ಬಿಚ್ಚಿದಂಗ."

ಇಕ್ಕಳದ ಬಾಯಿಗೆ ಬಟ್ಟೆ ಸುತ್ತಿ ಮೌನೇಶಪ್ಪ ಗಿಡ್ಡದರ ಗುಂಡನ್ನು ಬಿಡಿಸಿದ, ಆಮೇಲೆ ಉದ್ದದರದನ್ನು. ಅವನ ಹಣೆಯ ಬೆವರು ಮೂಗಿನ ತುದಿಗೆ ಬಂದಿತ್ತು. ಗೂಡಿನಿಂದ ಹಿತ್ತಾಳೆಯ ಪುಟ್ಟ ತ್ರಾಸು ಇಳಿಸಿ, ಡಬ್ಬಿಯ ಮುಚ್ಚಳ ತೆಗೆದ.

ಒಳಗೆ ಗುಲಗಂಜಿ. ಕೆಂಪು ಮೈ, ಕರಿ ಕಣ್ಣು. ಸಿದ್ದವ್ವನ ಬಳ್ಳಿಯ ಕಾಯನ್ನೆಲ್ಲ ಯಾರೋ ಕೊಯ್ದು ಈ ಡಬ್ಬಿಗೆ ತುಂಬಿಟ್ಟಿದ್ದರು.

ಮೊದಲು ಗಿಡ್ಡದರದು. ಒಂದು ತಟ್ಟೆಯಲ್ಲಿ ಸೀಸ, ಇನ್ನೊಂದರಲ್ಲಿ ಒಂದೊಂದಾಗಿ ಗುಂಜಿ. ಹದಿನೈದಕ್ಕೆ ಸೀಸ ಭಾರ. ಹದಿನಾರಕ್ಕೆ ಗುಂಜಿ ಭಾರ. ನಡುವೆ ಎಲ್ಲೋ ಅದರ ಜಾಗ. ಆಮೇಲೆ ಉದ್ದದರದು. ಹದಿನಾರು ದಾಟಿತು, ಹದಿನೆಂಟು ದಾಟಿತು, ಇಪ್ಪತ್ತೊಂದಕ್ಕೆ ಮುಳ್ಳು ನಡುವೆ ನಿಂತು ಸ್ವಲ್ಪ ನಡುಗಿತು.

ಸಿದ್ದವ್ವ ಸೆರಗಿನ ಗಂಟು ಬಿಚ್ಚಿದಳು. ಕೊಡಲು ಒಂದು ಗಳಿಗೆ ಮನಸ್ಸಾಗಲಿಲ್ಲ. ಆಮೇಲೆ ತಾನೇ ತಟ್ಟೆಯಲ್ಲಿಟ್ಟಳು. ಮೌನೇಶಪ್ಪನ ಬೆರಳು ಗುಂಜಿ ಬಿಡುತ್ತ ಹೋಯಿತು. ಮಳೆ ನಿಂತಿತ್ತೋ, ಅವಳ ಕಿವಿ ಕೇಳುತ್ತಿರಲಿಲ್ಲವೋ. ತಟ್ಟೆ ಅಟ್ಟಣೆಯಾಯಿತು, ಅದರ ಮೇಲೆ ಕೂತವಳು ಅವಳೇ. ಈ ಕಡೆ ಬನ್ನಿಗಿಡ, ಆ ಕಡೆ ತೋಟದ ಬದು. ಕೆಂಪು ಕಣ್ಣಿನ ಗಿಳಿಗಳು ಒಂದೊಂದಾಗಿ ಬಂದು ಎದುರಿಗೆ ಕೂರುತ್ತಿದ್ದವು. ಹದಿನಾರನೆಯದು ಕೂತಿತು. ಅಟ್ಟಣೆ ಏಳಲಿಲ್ಲ. ಆಗಲೇ ಅವಳು ತಿಳಿದುಕೊಂಡಳು, ಆದರೂ ನೋಡುತ್ತಿದ್ದಳು. ಹದಿನೇಳು. ಹದಿನೆಂಟು. ತೋಟದ ಬದುವಿನ ಮೇಲೆ ನಿಂತ ಅಜ್ಜಪ್ಪ ಬಂದೂಕು ಕೆಳಗಿಟ್ಟು, ಬಲಗೈಯನ್ನು ಹಳ್ಳದಲ್ಲಿ ತೊಳೆಯುತ್ತಿದ್ದ. ಇಪ್ಪತ್ತನೆಯದಕ್ಕೆ ಅಟ್ಟಣೆ ಗಾಳಿಯಲ್ಲಿ ಸಮನಾಗಿ ನಿಂತಿತು.

"ಇಪ್ಪತ್ತು" ಎಂದ ಮೌನೇಶಪ್ಪ. ಪಿಸುಮಾತಿನಲ್ಲೇ ಮುಂದುವರಿಸಿದ: ಒಂದು ಗುಂಜಿಯಷ್ಟು ಎಲುಬಿಗೆ ತಾಗಿ ಹೆರೆದು ಹೋಗಿದೆ. ಸೀಸ ಸವೆಯಬಹುದು. ಹದಿನೈದೂವರೆ ಇದ್ದದ್ದು ಸವೆದು ಇಪ್ಪತ್ತಾಗುವುದಿಲ್ಲ.

ಸಿದ್ದವ್ವ ಅಳಲಿಲ್ಲ. ನಾಡಿದ್ದು ಪಂಚಮಿ, ಇಲ್ಲಿಂದಲೇ ಅಕ್ಕಿಆಲೂರಿಗೆ ಹೋಗುವ ಬಂಡಿ ಯಾವುದಾದರೂ ಸಿಗುತ್ತದೆಯೇ ಎಂದು ಕೇಳಿದಳು. ಅವನು ಬರದಿದ್ದರೆ ತಾನೇ ಹೋಗುವುದು. ಈ ಮೂರು ಗುಂಡು, ಈ ತೂಕ, ಅವನ ಮುಂದೆ ಇಡುವುದು. ಉಂಡಿಯನ್ನು ಅವನ ಬಲಗೈಗೆ ಇಡುವುದು.

ಆಗ ಹೊರಗೆ ದಮಣಿಯ ಎತ್ತುಗಳ ಗೆಜ್ಜೆ ಕೇಳಿಸಿತು. ಅರ್ಧ ಮುಂದೆ ಮಾಡಿದ ಬಾಗಿಲನ್ನು ಕೊಡೆಯ ತುದಿಯಿಂದ ತಳ್ಳಿ ರಾಘಣ್ಣ ಒಳಗೆ ಬಂದರು. ಅವರ ಹಿಂದೆ ರುಮಾಲು ಕೈಯಲ್ಲಿ ಹಿಡಿದು ಫಕ್ಕೀರಪ್ಪ. ಅವನು ಹೆಂಡತಿಯನ್ನು ನೋಡದೆ ಗೋಡೆ ನೋಡಿದ.

ರಾಘಣ್ಣ ಗದರಲಿಲ್ಲ. ಅವರು ಗದರುವವರೇ ಅಲ್ಲ. ಮಣೆಯ ಮೇಲೆ ಕೂತು, ಸಿದ್ದವ್ವನ ಜ್ವರ ವಿಚಾರಿಸಿದರು. ತ್ರಾಸು ನೋಡಿ ಎಷ್ಟು ಬಂತಪ್ಪ ಎಂದರು. ಮೌನೇಶಪ್ಪ ಮೂರರ ತೂಕವನ್ನೂ ಹೇಳಿದ. ಅವರು ತಲೆದೂಗಿ ನಕ್ಕರು.

"ಅಲ್ಲವಾ ಸಿದ್ದವ್ವಾ, ಕಣದಾಗ ನೀನ ಅಂದಿದ್ದಿ, ಇದು ವರ್ಷಾ ಬೆಳೀಲಿಕ್ಕೆ ಹತ್ತೇದರೀ ಅಂತ. ಊರ ಕೇಳೇದ. ಸಣ್ಣ ಪುಟ್ಟಿ ಕೊಡಿಸಿದಾಂವ ನಾ. ಹದಿನೈದು ಇದ್ದದ್ದು ಇಪ್ಪತ್ತ ಆಗೇದ. ದೇಸಾಯರ ಜ್ವಾಳಾ ತಿಂದ ಮೈ, ಬೆಳದಿರಬೇಕು."

ಹೌದು, ಸಿದ್ದವ್ವ ತಾನೇ ಅಂದದ್ದು. ಬಾವಿಕಟ್ಟೆಯಲ್ಲಿ, ಕಣದಲ್ಲಿ, ಕೇಳಿದವರಿಗೆಲ್ಲ. ಅಂದದ್ದು ಸುಳ್ಳೂ ಅಲ್ಲ. ಅದು ಬೆಳೆದಿತ್ತು, ದಿನವೂ ಬೆಳೆದಿತ್ತು, ಅವಳ ಮೈಗೆ ಗೊತ್ತು. ಅಜ್ಜಪ್ಪನ ಸತ್ಯದಿಂದ ಹೊಸೆದು ಅವನ ಕೈಗೆ ಕಟ್ಟಿದ ಹಗ್ಗವೇ ಈಗ ಅವಳ ಕನಸಿಗೆ ಬಿದ್ದಿತ್ತು. ಬಳ್ಳಿ ಮತ್ತೆ ಮಾಡು ಹತ್ತತೊಡಗಿತು. ಹಳ್ಳದಲ್ಲಿ ಕೈ ತೊಳೆಯುತ್ತಿದ್ದ ತಮ್ಮ ತಲೆಯೆತ್ತಿ, ಮತ್ತೆ ಬಂದೂಕಿನ ಕಡೆ ನೋಡಿದ.

"ಸೀಸ ಬೆಳಿಯೋ ಮೈ ಆಗಿದ್ದರ" ಎಂದಳು ಚಮನಬಿ, ಎಲೆಗೆ ಸುಣ್ಣ ಹಚ್ಚುತ್ತ, "ನಿಮ್ಮ ದೇಸಾಯರು ಆಕಿ ಮೈಯಾಗ ಬಂಗಾರ ಬಿತ್ತತಿದ್ದರು ರಾಯರ. ಸೀಸ ಯಾಕ ಬಿತ್ತತಿದ್ದರು?"

ಮೌನೇಶಪ್ಪನ ಗಂಟಲಲ್ಲಿ ನಗೆಯಂಥದ್ದೊಂದು ಬಂದು, ರಾಘಣ್ಣ ನೋಡಿದ್ದಕ್ಕೆ ಕೆಮ್ಮಾಗಿ ಹೊರಬಿತ್ತು. ಆ ಕೆಮ್ಮಿಗೆ ಸಿದ್ದವ್ವ ಎಚ್ಚೆತ್ತಳು. ತಟ್ಟೆಯಿಂದ ಗುಂಡನ್ನು ಎತ್ತಿ ಬಲಗೈಯಲ್ಲಿ ಹಿಡಿದಳು. ಎಂಥ ಹಗುರ. ಹಳ್ಳದ ಸಣ್ಣ ಕಲ್ಲೂ ಇದಕ್ಕಿಂತ ಭಾರ. ಹಿಂದೆ ಇಂಥವನ್ನು ಉಡಿಯ ತುಂಬ ಹೊತ್ತು ಅವಳು ಏಣಿ ಹತ್ತುತ್ತಿದ್ದಳು. ಎಡಗೈಯನ್ನು ನೋಡಿಕೊಂಡಳು. ಬಳೆಗಳು ಮೊಣಕೈಯವರೆಗೆ ಜಾರುತ್ತಿದ್ದವು.

"ಅದು ಬೆಳಿಲಿಲ್ಲರಿ ರಾಯರ" ಎಂದಳು. "ನಾ ಸವದೆ."

ರಾಘಣ್ಣನವರ ನಗೆ ಮುಖದ ಮೇಲೆ ಹಾಗೆಯೇ ಉಳಿಯಿತು, ಒಣಗಲು ಹಾಕಿ ಮರೆತ ಬಟ್ಟೆಯಂತೆ. ಆಮೇಲೆ ಅವರು ಕೆಲಸದ ಮಾತಿಗೆ ಬಂದರು. ಸುತ್ತಲೂ ಬೆಂಕಿ ಹತ್ತಿದೆ, ಜನ ಕಾರಣ ಹುಡುಕುತ್ತಿದ್ದಾರೆ. ಪುಣೆಯಲ್ಲಿ ಓದಿ ಬಂದ ಸಣ್ಣ ದೇಸಾಯರಿಗೆ ಮ್ಯಾಜಿಸ್ಟ್ರೇಟಿಕೆ ಬರುವುದು ಇನ್ನೇನು ಗೊತ್ತಾದ ಹಾಗೆ; ಇಂಥ ಹೊತ್ತಿನಲ್ಲಿ ತುಂಡು ಸೀಸ ಊರೂರು ತಿರುಗಬಾರದು. ಫಕ್ಕೀರಪ್ಪನ ಕೋರಿ ಅವನಿಗೇ ಇರಲಿ, ಅವನ ಮುಂದಿನವರ ಕಾಲಕ್ಕೂ ಇರಲಿ ಎಂದು ದೇಸಾಯರು ಅಂದಿದ್ದಾರೆ. ಇರದೆಯೂ ಹೋಗಬಹುದು. ಚಮನಬಿಯ ಡಬ್ಬಿಯ ವಿಷಯ ಪೊಲೀಸರಿಗೆ ಇನ್ನೂ ಗೊತ್ತಿಲ್ಲ. ಇದನ್ನೆಲ್ಲ ಅವರು ಮಳೆ ಬೆಳೆಯ ಸುದ್ದಿ ಹೇಳುವ ದನಿಯಲ್ಲೇ ಹೇಳಿದರು.

ನಂತರ ಕೊಡೆಯ ತುದಿಯಿಂದ ಅಗ್ಗಿಷ್ಟಿಕೆ ತೋರಿಸಿದರು. ಅದರೊಳಗೆ ಮೂಸೆ ಆಗಲೇ ಕೆಂಪಗಿತ್ತು. ಬೆಳಗ್ಗೆ ಯಾರದೋ ಬೆಳ್ಳಿ ಕರಗಿಸಿದ್ದು.

"ಮೌನೇಶಪ್ಪಾ, ಊದು. ಸಿದ್ದವ್ವಾ, ಹಾಕು ಅದರಾಗ. ಮೂರೂ ಹಾಕಿಬಿಡು. ಒಂದ ಆಗಲಿ, ಮುಗೀಲಿ."

ಮೌನೇಶಪ್ಪ ಊದುಗೊಳವೆ ಎತ್ತಿದ. ಬಾಯಿಯ ಹತ್ತಿರ ತಂದ. ಅದರ ಬಿಸಿಗೋ, ಬೇರೆ ಯಾವುದಕ್ಕೋ, ಅಲ್ಲೇ ಹಿಡಿದು ಕೂತ. ಕೆಂಡದ ಬೆಳಕು ಮೂಸೆಯೊಳಗೆ ಸುತ್ತುತ್ತಿತ್ತು. ಅದು ಎಷ್ಟು ಚೆಂದವಾಗಿತ್ತೆಂದರೆ ಸಿದ್ದವ್ವ ಒಂದು ಗಳಿಗೆ ನೋಡುತ್ತಲೇ ನಿಂತಳು. ಅದರೊಳಗೆ ಇಪ್ಪತ್ತೂ ಇಪ್ಪತ್ತೊಂದೂ ಹದಿನೈದೂವರೆಯೂ ನೀರಾಗಿ ಬೆರೆತು, ಯಾವುದು ಯಾರದು ಎಂದು ಯಾವ ತ್ರಾಸೂ ಹೇಳಲಾಗದಂತೆ ಹೊಳೆಯುವುದು ಅವಳಿಗೆ ಕಂಡಿತು. ಆ ಹೊಳಪಿನ ತಳದಲ್ಲಿ ಒಬ್ಬ ಮನುಷ್ಯ ಹಿತ್ತಲ ಬಾಗಿಲ ಹತ್ತಿರ ಎಲೆಯ ಮುಂದೆ ಕೂತು, ಎಡಗೈಯಿಂದ ಉಣ್ಣುತ್ತಿದ್ದ.

ಫಕ್ಕೀರಪ್ಪ ಅವಳ ಹತ್ತಿರ ಬಂದ. ಈಗ ಅವನು ಅವಳನ್ನು ನೋಡಿದ.

"ಹಾಕಿಬಿಡ" ಎಂದ. "ನಿನ್ನ ಕಾಲಿಗೆ ಬೀಳ್ತೇನಿ. ಹೊಲಾ ಹೋಗತೈತಿ."

ಅವಳು ತಟ್ಟೆಯ ಪಕ್ಕದ ಎರಡು ಗುಂಡುಗಳನ್ನೂ ಎತ್ತಿಕೊಂಡಳು. ಮೂರನ್ನೂ ಒಂದೇ ಮುಷ್ಟಿಯಲ್ಲಿ ಹಿಡಿದಳು. ಆ ಮುಷ್ಟಿ ಕವಣೆ ಹಿಡಿದ ಮುಷ್ಟಿ.

"ನನ್ನ ತಮ್ಮ ಬಲಗೈಲೆ ಉಣಬೇಕರಿ" ಎಂದಳು. "ನಾ ಹಾಕಂಗಿಲ್ಲ."